ಅರ್ಧ ಕಟಿಂಗ್, ಅರ್ಧ ಕತ್ತೆ

೧.

ಹೇಗೆ ಶುರು ಮಾಡಲಿ? ‘ಫಿರಂಗಿ ಗುಡುಗಿತು’ ಎಂದು ಬರೆದೆ. ಫಿರಂಗಿಯನ್ನು ನಾನು ಕಂಡವನೇ ಅಲ್ಲ, ಬೀದಿಯಲ್ಲಿ ಟೈರ್ ಸಿಡಿದರೂ ಮಂಚದಡಿ ಸೇರುವ ಪೈಕಿ. ಹೊಡೆದುಹಾಕಿದೆ.

೧. (ಮತ್ತೆ)

ಪದಕದಿಂದ ಶುರು ಮಾಡೋಣ. ಅದು ಸೈನಿಕನೊಬ್ಬನ ತಾಯಿಯ ಬೀರುವಿನಲ್ಲಿ, ಮಡಿಸಿಟ್ಟ ಅವನ ಅಂಗಿಗಳ ಮೇಲಿದೆ. ಯುದ್ಧದಲ್ಲಿ ಗಾಯಗೊಂಡ ಮೂವರನ್ನು ಒಬ್ಬೊಬ್ಬರಾಗಿ ಹೆಗಲ ಮೇಲೆ ಹೊತ್ತು ತಂದು, ನಾಲ್ಕನೆಯವನಿಗಾಗಿ ಮತ್ತೆ ಓಡಿದ ಆ ಸೈನಿಕನಿಗೆ ಕೊಟ್ಟದ್ದು. ನಾಲ್ಕನೆಯ ಸಲ ಅವನು ಬರಲಿಲ್ಲ. ಬೀದಿಯವರೆಲ್ಲ ಅವನನ್ನು ತುದಿಗಾಲ ಎಂದೇ ಕರೆಯುತ್ತಿದ್ದರು; ಎಲ್ಲೂ ಎರಡು ನಿಮಿಷ ಕೂತವನಲ್ಲ.

“ಚೆನ್ನಾಗಿದೆ, ಇಲ್ಲಿಗೇ ನಿಲ್ಸಿ,” ಎಂದ, ಬರೆದದ್ದನ್ನು ತನ್ನ ಅಂಗಡಿಯಲ್ಲಿ ನನ್ನಿಂದ ಓದಿಸಿ ಕೇಳುತ್ತಿದ್ದ ಕ್ಷೌರಿಕ.

(ಈತನೇ ನನ್ನ ಕಥಾನಾಯಕ. ನಾಯಕ ಸೈನಿಕನಲ್ಲವೇ ಎಂದು ಕೇಳುತ್ತೀರಿ. ಸ್ವಲ್ಪ ತಡೆಯಿರಿ, ಅವನ ತಲೆ ಇವನ ಕೈಯಲ್ಲಿದೆ.)

೨.

ಸತ್ತ ಎಂಟು ವರ್ಷಗಳ ಮೇಲೆ ಈಗ ಚೌಕದಲ್ಲಿ ತುದಿಗಾಲನ ಪ್ರತಿಮೆ ನಿಲ್ಲಲಿದೆ. ಶಿಲ್ಪಿ ಮಣ್ಣಿನ ಮಾದರಿ ಮಾಡಿದ್ದಾಳೆ. ಟೋಪಿ ಇರಲೋ ಬೇಡವೋ? ಬೇಡವಾದರೆ ಕೂದಲು ಹೇಗಿತ್ತು? ಮಧ್ಯಾಹ್ನದೊಳಗೆ ನಾನು ಕೇಳಿಕೊಂಡು ಹೋಗಿ ಅವಳಿಗೆ ಹೇಳಬೇಕು, ಮಣ್ಣು ಒಣಗುತ್ತಿದೆ. ಆ ತಲೆಯನ್ನು ಚಿಕ್ಕಂದಿನಿಂದ ಬಲ್ಲವನು ಕ್ಷೌರಿಕನೊಬ್ಬನೇ.

“ಟೋಪಿ ಹಾಕ್ಸಿ. ಮುಗೀತು.”

“ಯಾಕೆ?”

“ಯಾಕೂ ಇಲ್ಲ. ಟೋಪಿ ಅಂತ ಬರ್ಕೊಳ್ಳಿ.”

ಬರೆದೆ. ಪೆನ್ನು ಮುಂದೆ ಹೋಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈತ ಒರೆಸಿದ ಕನ್ನಡಿಯನ್ನೇ ಮೂರನೇ ಸಲ ಒರೆಸುತ್ತಿದ್ದ.

೩. (ಕ್ಷೌರಿಕ ಕತ್ತರಿಸಿ ಬಿಸಾಡಿದ ಭಾಗ. ಬುಟ್ಟಿಯಿಂದ ಎತ್ತಿ, ಕೂದಲು ಕೊಡವಿ ತಂದಿದ್ದೇನೆ.)

ರಜೆ ಮುಗಿದ ಬೆಳಿಗ್ಗೆ ತುದಿಗಾಲ ಕುರ್ಚಿಯಲ್ಲಿ ಕೂತ. ರೈಲಿಗೆ ಅರ್ಧ ಗಂಟೆ. ಆದರೆ ಕ್ಷೌರಿಕನಿಗೆ ಆಗ ಕತ್ತರಿಗಿಂತ ನಾಲಿಗೆ ಉದ್ದ. ಕನ್ನಡಿ ಅಂಗಡಿಗೆ ನುಗ್ಗಿದ ಕತ್ತೆಯ ಕಥೆ ಶುರು ಮಾಡಿದ. ಕತ್ತೆ ಬಾಲ ಎತ್ತಿದಾಗ ಕತ್ತರಿ ನಿಂತಿತು, ಅಂಗಡಿಯವನು ಬೆಚ್ಚಿದಾಗ ಮತ್ತೆ ನಿಂತಿತು. ಎಡಗಡೆ ಮುಗಿದಿತ್ತು, ಬಲಗಡೆ ಪೊದೆ ಹಾಗೇ ಇತ್ತು, ಅಷ್ಟರಲ್ಲಿ ರೈಲಿನ ಕೂಗು ಕೇಳಿತು. ತುದಿಗಾಲ ಹೊದಿಕೆ ಕಿತ್ತೆಸೆದು ಟೋಪಿ ಒತ್ತಿಕೊಂಡ.

“ಕಟಿಂಗೂ ಅರ್ಧ, ಕತ್ತೇನೂ ಅರ್ಧ! ಎರಡನ್ನೂ ಬಂದ್ಮೇಲೆ ಮುಗ್ಸು ಮಾವ!”

ಅವನ ಸುದ್ದಿ ಬಂದ ದಿನದಿಂದ ಕ್ಷೌರಿಕ ಕೆಲಸ ಮಾಡುವಾಗ ತುಟಿ ಪಿಟಕ್ಕೆನ್ನುವುದಿಲ್ಲ.

“ಅಂಥೋನನ್ನ ಅರ್ಧ ತಲೇಲಿ ಸಾಯೋಕೆ ಕಳಿಸ್ದೆ ಕಥೆಗಾರ್ರೇ. ಅದನ್ನ ಚೌಕದಲ್ಲಿ ನಿಲ್ಸಿದ್ರೆ ನಾನು ಎಲ್ಲಿ ಮುಖ ಇಟ್ಕೊಳ್ಲಿ?”

ಅವನ ಕಣ್ಣು ತುಂಬಿತ್ತು.

೫. (ನಾಲ್ಕೆಲ್ಲಿ ಎನ್ನಬೇಡಿ. ನಾಲ್ಕನೆಯದು ಬರಲಿಲ್ಲ.)

ಅಂತ್ಯ ಒಂದು: ಟೋಪಿ. ಚಪ್ಪಾಳೆ. ನನಗೆ ಆಕಳಿಕೆ.

ಅಂತ್ಯ ಎರಡು: ಶಿಲ್ಪಿ ಎರಡೂ ಕಡೆ ನೀಟಾಗಿ ಕತ್ತರಿಸಿಬಿಡುತ್ತಾಳೆ. ಸುಳ್ಳು, ಆದರೆ ಚಂದ. ಕ್ಷೌರಿಕ ಇದಕ್ಕೆ ಆಸೆಯಿಂದ ಕೈ ಚಾಚಿದ. ಅಷ್ಟರಲ್ಲಿ ತುದಿಗಾಲನ ತಾಯಿ (ನಾನು ಕರೆದೇ ಇರಲಿಲ್ಲ) ಚಪ್ಪಲಿ ಸಮೇತ ನನ್ನ ಪ್ಯಾರಾದೊಳಗೆ ನುಗ್ಗಿದರು.

“ರೈಲು ಹೊರಟಾಗ ನಾನು ಅಳೋಕೆ ಶುರು ಮಾಡಿದ್ದೆ ಕಣೋ. ಬಾಗಿಲಲ್ಲಿ ನಿಂತು ಟೋಪಿ ತೆಗ್ದ ನೋಡು! ಒಂದ್ಕಡೆ ಬೋಳುಗುಡ್ಡ, ಇನ್ನೊಂದ್ಕಡೆ ಕಾಡು. ಹೊಟ್ಟೆ ಹಿಡ್ಕೊಂಡು ನಕ್ಕೆ. ಅವ್ನೂ ನಗ್ತಾನೇ ಹೋದ. ನಾನವ್ನನ್ನ ಕೊನೇ ಸಲ ನೋಡಿದ್ದು ಹಾಗೆ. ಅದನ್ನ ಟೋಪಿ ಕೆಳಗೆ ಮುಚ್ಚಿಡ್ತೀಯಾ?”

ಎಂಟು ವರ್ಷ ಎದುರುಬದುರು ಮನೆಯಲ್ಲಿದ್ದೂ ಇಬ್ಬರೂ ಈ ಮಾತು ಆಡಿರಲಿಲ್ಲ. ಕ್ಷೌರಿಕ ಕುರ್ಚಿಯಲ್ಲಿ ತಾನೇ ಕೂತುಬಿಟ್ಟ.

೬.

ಶಿಲ್ಪಿಯ ಕೋಣೆ. ಸ್ಟೂಲಿನ ಮೇಲೆ ಒದ್ದೆ ಮಣ್ಣಿನ ತಲೆ. ಎಡಗಡೆಯನ್ನು ಕ್ಷೌರಿಕನೇ ಬೆರಳಲ್ಲಿ ತಿದ್ದಿದ. ಕೈಯ ಅಭ್ಯಾಸ, ಬಲಗಡೆಗೂ ಹೋಯಿತು. (ಬೇಡ, ಬೇಡ ಎಂದು ನಾನು ಬರೆಯುತ್ತಲೇ ಇದ್ದೆ. ಅವನೆಲ್ಲಿ ಓದುತ್ತಾನೆ?) ಆಮೇಲೆ ತಾನಾಗಿ ಕೈ ಇಳಿಸಿದ.

“ಇದು ಅವ್ನು ಬಂದ್ಮೇಲೆ.”

“ಬರಲ್ಲ ಕಣೋ,” ಎಂದರು ತಾಯಿ ಮೆಲ್ಲಗೆ.

“ಗೊತ್ತಕ್ಕ.”

ಮಣ್ಣಿನ ಕಿವಿಯ ಹತ್ತಿರ ಬಾಗಿ, ಎಂಟು ವರ್ಷಗಳ ಬೀಗ ತೆಗೆದ. “ಎಲ್ಲಿಗೆ ನಿಲ್ಸಿದ್ದೆ? ಹಾಂ. ಕತ್ತೆ ಕನ್ನಡಿ ನೋಡುತ್ತೆ, ನೂರು ಕತ್ತೆ! ಇದು ಕಾಲೆತ್ತುತ್ತೆ, ನೂರೂ ಕಾಲೆತ್ತುತ್ವೆ. ಅಂಗಡಿಯವ್ನು ಮೇಜು ಹತ್ತಿ ಏನಂದ ಗೊತ್ತಾ?”

ನಿಲ್ಲಿಸಿದ.

“ಏನಂದ?” ಎಂದಳು ಶಿಲ್ಪಿ. “ಏನಂದ್ನೋ?” ಎಂದರು ತಾಯಿ, ಆಗಲೇ ನಗುತ್ತಾ. “ಏನಂದ?” ಎಂದೆ ನಾನು, ಕಥೆಗಾರನೆಂಬ ಮಾನ ಬಿಟ್ಟು.

“ನಾನು ಅವ್ನಿಗೆ ಹೇಳ್ತಿದ್ದೀನಿ,” ಎಂದ ಕ್ಷೌರಿಕ, “ನಿಮಗ್ಯಾಕೆ?”

ಅಂತ್ಯ ಮೂರು, ನಾಲ್ಕು ನನ್ನ ಜೇಬಿನಲ್ಲಿವೆ, ಕೊಡುವುದಿಲ್ಲ. ಕತ್ತೆ ಇನ್ನೂ ಕನ್ನಡಿ ಅಂಗಡಿಯಲ್ಲೇ ಇದೆ, ಕಾಲೆತ್ತಿಕೊಂಡು. ನೂರೊಂದು ಒದೆತಗಳಿಗೆ ಹೆದರಿ ನಾನು ಬಾಗಿಲಲ್ಲೇ ನಿಂತಿದ್ದೇನೆ.