ಕೆಂಚಕ್ಕ ರೊಪ್ಪವನ್ನು ಮೇಲಕ್ಕೆ ತಂದದ್ದು

ಬಾಗೂರಿನ ಹಳ್ಳದ ತಗ್ಗಿನಲ್ಲಿ ಕುರಿ ರೊಪ್ಪ ಹಾಕುವುದು ಓಬಯ್ಯನ ಅಪ್ಪನ ಕಾಲದಿಂದ ಬಂದ ರೂಢಿ. ದೀಪಾವಳಿ ಕಳೆದ ಮೇಲೆ ಮಳೆಯ ಮಾತಿಲ್ಲ. ಗಾಳಿಗೆ ಮರೆ, ಮೇವಿಗೆ ಹಸಿರು, ಕೈಗೆಟಕುವಷ್ಟು ಹತ್ತಿರ ನೀರು. ಎಪ್ಪತ್ತರ ದಶಕದ ಆ ಕಾರ್ತಿಕದಲ್ಲೂ ಮುಳ್ಳುಬೇಲಿ ಕಟ್ಟಿ ಮಂದೆಯನ್ನು ಅಲ್ಲೇ ಕೂಡಿದ್ದರು. ಉಣ್ಣೆ ಆಗಷ್ಟೇ ಕತ್ತರಿಸಿದ್ದರಿಂದ ಕುರಿಗಳ ಮೈ ಬೋಳಾಗಿತ್ತು.

ಓಬಯ್ಯನ ಹಿರಿಸೊಸೆ ಕೆಂಚಕ್ಕ, ಶಾಲೆಯ ಅನ್ನಪೂರ್ಣಮ್ಮ ಟೀಚರ ಮನೆಗೆ ಸೌದೆ ಹಾಕುತ್ತಿದ್ದಳು. ಸಮುದ್ರದಲ್ಲಿ ಬಿರುಗಾಳಿ ಎದ್ದಿದೆ, ಒಳನಾಡಿಗೂ ಜೋರು ಮಳೆ ಬರಬಹುದು ಅಂತ ಟೀಚರು ರೇಡಿಯೋ ಕೇಳಿ ಹೇಳಿದ್ದೇ ತಡ, ಅವಳು ಹಟ ಹಿಡಿದು ಇಡೀ ಮಂದೆಯನ್ನು ಗುಡ್ಡದ ಬಂಡೆ ಮರೆಗೆ ಹತ್ತಿಸಿದಳು. ಒಂದು ಹನಿಯೂ ಬೀಳಲಿಲ್ಲ. ಬದಲಿಗೆ ತೋಳ ಬಿದ್ದು ಎರಡು ಮರಿ ಹೊತ್ತೊಯ್ದಿತು. ಮಂದೆ ಮತ್ತೆ ಹಳ್ಳಕ್ಕಿಳಿಯಿತು. ಹಟ್ಟಿಯ ಹೆಂಗಸರು ಬಾವಿಕಟ್ಟೆಯಲ್ಲಿ "ಕೆಂಚಕ್ಕ, ಇವತ್ತು ಕೊಡೆ ತರಬೇಕೇನೇ?" ಅಂತ ಕೇಳಿ ನಕ್ಕರು.

ಅವಳು ನೇರ ಟೀಚರ ಮನೆಗೆ ಹೋದಳು.

"ಟೀಚರಮ್ಮ, ನಿಮ್ಮ ರೇಡಿಯೋ ಸುಳ್ಳು ಹೇಳ್ತೈತೆ. ನನ್ನ ಮರಿ ತೋಳದ ಹೊಟ್ಟೆ ಸೇರಿದ್ವು."

ಅನ್ನಪೂರ್ಣಮ್ಮ ಕೇರುತ್ತಿದ್ದ ಮೊರ ಕೆಳಗಿಟ್ಟರು. "ಸುಳ್ಳಲ್ಲ ಕೆಂಚಕ್ಕ. ಬಿರುಗಾಳಿ ಎದ್ದಿದ್ದು ನಿಜ. ನಮ್ಮ ಕಡೆ ಬರದೆ ತಿರುಗಿಕೊಂಡು ಹೋಯ್ತು. ಇನ್ನೊಂದು ಏಳ್ತಾ ಇದೆಯಂತೆ, ಬೆಳಿಗ್ಗೆ ಹೇಳಿದ್ರು."

"ಅದು ಹುಟ್ಟಾದಾದ್ರೂ ಹೆಂಗೆ? ತಿಳಿಯಂಗೆ ಹೇಳ್ರಿ. ಇನ್ನೊಂದ್ಸಲ ನಂಬಾಕೆ ನನಗೆ ಕಾರಣ ಬೇಕು."

ಟೀಚರು ಅವಳನ್ನು ಕೂರಿಸಿಕೊಂಡು ಹೇಳಿದರು. "ಬಿಸಿಲಿಗೆ ಸಮುದ್ರದ ನೀರು ಬೆಚ್ಚಗಾಗುತ್ತೆ. ಆವಿ ಮೇಲೇಳುತ್ತೆ. ಮೇಲೆ ಹೋಗಿ ಮೋಡ ಆಗುವಾಗ, ತಾನು ಹೊತ್ತಿದ್ದ ಬಿಸೀನ ಅಲ್ಲಿ ಬಿಟ್ಟುಬಿಡುತ್ತೆ. ಆ ಬಿಸಿಗೆ ಗಾಳಿ ಇನ್ನೂ ಮೇಲೇಳುತ್ತೆ. ಕೆಳಗೆ ಬರಿದಾದ ಜಾಗಕ್ಕೆ ಸುತ್ತಲಿಂದ ಗಾಳಿ ನುಗ್ಗುತ್ತೆ. ಭೂಮಿ ತಿರುಗ್ತಾ ಇರೋದ್ರಿಂದ ಅದು ನೆಟ್ಟಗೆ ಬರಲ್ಲ, ಸುಳಿ ಸುತ್ತುತ್ತಾ ಬರುತ್ತೆ. ಬೆಚ್ಚನೆ ನೀರು ಸಿಗ್ತಾ ಇರೋವರೆಗೂ ಬೆಳೀತಾ ಹೋಗುತ್ತೆ."

"ಹಂಗಾರೆ ಅದರ ಮೇವೆಲ್ಲ ಸಮುದ್ರದಾಗೇ ಐತೆ."

"ಹೌದು. ನೆಲ ಹತ್ತಿದ ಮೇಲೆ ಮೇವಿಲ್ಲ, ಗಾಳಿ ಸೊರಗುತ್ತೆ. ಆದರೆ ಹೊತ್ತು ತಂದ ನೀರು ಎಲ್ಲಾದರೂ ಸುರೀಲೇಬೇಕಲ್ಲ. ಇಲ್ಲೇ ಸುರಿಯುತ್ತೆ ಅಂತ ನಾನು ಆಣೆ ಮಾಡಲಾರೆ ಕೆಂಚಕ್ಕ. ಈ ಸಲವೂ ತಪ್ಪಬಹುದು."

ಆಣೆ ಮಾಡಲಾರೆ ಅಂದದ್ದೇ ಕೆಂಚಕ್ಕನಿಗೆ ನಂಬಿಕೆ ತಂದಿತು. ಮಳೆ ಬಾರದಿದ್ದರೆ ಇನ್ನೊಂದು ಮರಿ ಹೋದೀತು, ನಾಲ್ಕು ಜನ ನಕ್ಕಾರು. ಬಂದರೆ ಹಳ್ಳದಲ್ಲಿ ಮಂದೆಯೇ ಉಳಿಯದು. ದಾರಿಯುದ್ದಕ್ಕೂ ಅವಳು ಇದನ್ನೇ ತೂಗುತ್ತಾ ಬಂದಳು.

ಓಬಯ್ಯ ಕೇಳಿ ಕೆಂಡವಾದ. "ಒಂದ್ಸಲ ಕುಣಿಸಿದ್ದು ಸಾಲ್ದಾ? ನನ್ನ ತಲೆ ನೆರೆತು ಹೋತು, ಕಾರ್ತಿಕದಾಗೆ ಈ ಹಳ್ಳ ಬಂದಿದ್ದು ಕಂಡಿಲ್ಲ."

"ನೀವು ಕಂಡಿಲ್ಲ ಅಂದ್ರೆ ಬರಾದೇ ಇಲ್ಲ ಅಂತ ಅಲ್ಲ ಮಾವ. ನೀವು ಬ್ಯಾಡ ಅಂದ್ರೆ ನನ್ನ ತವರಿನ ಬಳುವಳಿ ಕುರಿ ನಾನು ಹೊಡ್ಕೊಂಡು ಹೋಗ್ತೀನಿ."

ಮಾವನಿಗೆ ಎದುರಾಡಿದ್ದು ಅದೇ ಮೊದಲು. ಗಂಡ ಎತ್ತಪ್ಪ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೋಲು ಎತ್ತಿಕೊಂಡು ಅವಳ ಹಿಂದೆ ನಡೆದ. ಮಂದೆಯ ಕಾಲುಭಾಗ ಗುಡ್ಡ ಹತ್ತಿತು. ಈ ಸಲ ಅವಳು ಮೊದಲು ಮುಳ್ಳು ಕಡಿಸಿ ಬಂಡೆಯ ಸುತ್ತ ಬೇಲಿ ಹಾಕಿಸಿದಳು, ನಾಯಿಗಳನ್ನು ಬೇಲಿಯ ಬಾಯಿಗೇ ಕಟ್ಟಿದಳು.

ಮರುದಿನವೂ ಆಕಾಶ ಶುಭ್ರವಾಗಿತ್ತು. ಅದರ ಮಾರನೆಯ ದಿನ ಮಧ್ಯಾಹ್ನ ಮೂಡಲಿಂದ ಬೂದಿ ಬಣ್ಣದ ಮೋಡ ಹಾಸಿತು. ಗಾಳಿ ತಣ್ಣಗಾಯಿತು. ಆಮೇಲೆ ಶುರುವಾದ ಮಳೆ ಉಸಿರು ತೆಗೆಯಲಿಲ್ಲ. ಬೋಳು ಮೈಯ ಕುರಿಗಳು ಬಂಡೆಯಡಿ ಒಂದಕ್ಕೊಂದು ಒತ್ತಿ ನಿಂತವು. ಕೆಂಚಕ್ಕ ಮಳೆಯ ಪರದೆಯಾಚೆ ಹಳ್ಳದ ಕಡೆಗೇ ನೋಡುತ್ತಿದ್ದಳು.

"ನೀನು ಇಲ್ಲೇ ಇರು, ನಾನು ಹೋಗ್ತೀನಿ" ಅಂದ ಎತ್ತಪ್ಪ.

"ಇಬ್ರೂ ಹೋಗಾಣ. ಮಾವ ಒಬ್ರ ಕೈಲಿ ಆಗಲ್ಲ."

ಕೆಳಗಿಳಿಯುವ ಹೊತ್ತಿಗೆ ಕೆಂಪು ನೀರು ಬೇಲಿಯ ಬುಡ ನೆಕ್ಕುತ್ತಿತ್ತು. ಓಬಯ್ಯ ಮೊಣಕಾಲು ನೀರಿನಲ್ಲಿ ನಿಂತು, ಹೆದರಿದ ಮಂದೆಯನ್ನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ. ಕುರಿ ಕದಲುತ್ತಿರಲಿಲ್ಲ. ಕೆಂಚಕ್ಕ ಮುಳ್ಳನ್ನು ಬರಿಗೈಯಲ್ಲಿ ಎಳೆದು ಗುಡ್ಡದ ಕಡೆ ದಾರಿ ಬಿಡಿಸಿದಳು, ಮುಂದಾಳು ಟಗರಿನ ಕೊಂಬು ಹಿಡಿದು ದರದರ ಎಳೆದಳು. ಒಂದು ಹೆಜ್ಜೆ ಇಟ್ಟಿತು, ಆಮೇಲೆ ಇನ್ನೊಂದು. ಅದರ ಹಿಂದೆ ಮಂದೆ ಹೊರಟಿತು. ಎತ್ತಪ್ಪ ಎರಡು ಕಂಕುಳಿಗೂ ಮರಿ ಅವುಚಿಕೊಂಡ. ಅವರು ಬಂಡೆ ಮುಟ್ಟುವಷ್ಟರಲ್ಲಿ ರೊಪ್ಪ ಇದ್ದ ಜಾಗದಲ್ಲಿ ಬರೀ ನೀರು.

ಎಲ್ಲ ಉಳಿಯಲಿಲ್ಲ. ಚಳಿಗೆ ಹಲವು ಕುರಿ ಸತ್ತವು, ಕೆಲವನ್ನು ಹಳ್ಳ ಒಯ್ದಿತು. ಓಬಯ್ಯ ಸತ್ತ ಕುರಿಗಳ ಪಕ್ಕ ಬಹಳ ಹೊತ್ತು ಕೂತಿದ್ದ. ಕೆಂಚಕ್ಕನಿಗೆ ಗೆದ್ದೆ ಅನ್ನಿಸಲಿಲ್ಲ.

ಬಿಸಿಲು ಬಿದ್ದ ಮೇಲೆ ಟೀಚರೇ ಗುಡ್ಡಕ್ಕೆ ಬಂದರು. ಮುಳ್ಳು ಹರಿದಿದ್ದ ಕೆಂಚಕ್ಕನ ಕೈಗೆ ಮುಲಾಮು ಹಚ್ಚುತ್ತಿದ್ದಾಗ ಅವಳು ಕೇಳಿದಳು, "ಇಂಥದ್ದು ಮತ್ತೆ ಬರ್ತೈತಾ?"

"ಕೆಲವು ವಿಜ್ಞಾನಿಗಳು ಬರೆದದ್ದು ಓದಿದೀನಿ. ಕಲ್ಲಿದ್ದಲು, ಎಣ್ಣೆ ಸುಟ್ಟಾಗ ಬರೋ ಅನಿಲ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಬಿಸಿ ಹೊರಗೆ ಹೋಗದಂತೆ ತಡೆಯುತ್ತಂತೆ. ಮುಂದೆ ಸಮುದ್ರ ಇನ್ನೂ ಬೆಚ್ಚಗಾದರೆ ಬಿರುಗಾಳಿ ಹೆಚ್ಚು ಸಲ ಏಳುತ್ತೋ ಇಲ್ಲವೋ ಗೊತ್ತಿಲ್ಲ. ಎದ್ದದ್ದರ ಬಲ, ಅದು ಸುರಿಸೋ ಮಳೆ ಹೆಚ್ಚಬಹುದು. ಅವರಿಗೂ ಇನ್ನೂ ಖಚಿತ ಇಲ್ಲ."

"ಖಚಿತ ಆಗಾತನಕ ಕುಂತ್ಕಂಡ್ರೆ ಕುರಿ ಉಳಿಯಲ್ಲ" ಅಂದಳು ಕೆಂಚಕ್ಕ.

ಅವಳು ಅವತ್ತೇ ಕಲ್ಲು ಹೊರಲು ಶುರುಮಾಡಿದಳು. ಬಂಡೆಗೆ ಆನಿಸಿ, ತೋಳ ಹಾರದಷ್ಟು ಎತ್ತರದ ಗೋಡೆ, ಮೇಲೆ ಅರ್ಧಕ್ಕೆ ಸೋಗೆಯ ಮಾಡು, ನಕ್ಷೆ ತಲೆಯಲ್ಲಿತ್ತು. ಎತ್ತಪ್ಪ ಕೈಜೋಡಿಸಿದ. ಬಾವಿಕಟ್ಟೆಯಲ್ಲಿ ನಕ್ಕಿದ್ದ ಹೆಂಗಸರಲ್ಲಿ ಇಬ್ಬರು ಬಂದರು. ಗೋಡೆ ಸೊಂಟದೆತ್ತರಕ್ಕೆ ಬಂದ ದಿನ ಓಬಯ್ಯ ಕೋಲೂರಿಕೊಂಡು ಹತ್ತಿ ಬಂದು ಸುತ್ತ ಒಮ್ಮೆ ನೋಡಿದ.

"ಬಾಗಿಲು ಮೂಡಲಿಗೆ ಯಾಕ ಇಟ್ಟೆ? ಎರಚಲೆಲ್ಲ ಒಳಗೆ ಹೊಡೀತೈತೆ. ಪಡುವಲಿಗೆ ಇಡು."

ಕೆಂಚಕ್ಕ ಬಾಗಿಲ ಕಲ್ಲು ಕಿತ್ತಳು. ಮಾವ ಇನ್ನೊಂದು ತುದಿಗೆ ಕೈ ಹಾಕಿದ.