ನಿಂತು ಆಟ ನೋಡಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಕುಳಿತು ಫುಟ್‌ಬಾಲ್ ನೋಡಿದ್ದನ್ನು ನಾನು ಕಂಡವನಲ್ಲ. ಅವರ ಮನೆಯ ನಡುಕೋಣೆಯಲ್ಲಿ, ಟಿ.ವಿ.ಯ ಎದುರಿಗೆ, ಮೂವರು ಆರಾಮವಾಗಿ ಕೂರಬಹುದಾದ ಸೋಫಾ ಇತ್ತು. ಅದರ ಮೇಲೆ ದೊಡ್ಡಮ್ಮ ಕೂರುತ್ತಿದ್ದರು, ನಾನು ಕೂರುತ್ತಿದ್ದೆ, ಬಂದ ನೆಂಟರು ಕೂರುತ್ತಿದ್ದರು. ದೊಡ್ಡಪ್ಪ ಮಾತ್ರ ಅದರ ಹಿಂದೆ, ಎರಡೂ ಕೈಗಳನ್ನು ಒರಗಿನ ಮೇಲೆ ಊರಿ, ಮೈಭಾರವನ್ನು ಒಮ್ಮೆ ಈ ಕಾಲಿಗೆ ಒಮ್ಮೆ ಆ ಕಾಲಿಗೆ ಬದಲಿಸುತ್ತ, ಆಟ ಮುಗಿಯುವ ತನಕ ನಿಂತೇ ಇರುತ್ತಿದ್ದರು. ಮೈಮೇಲೆ ಮೊಳಕಾಲು ಮುಟ್ಟುವ ಕಂದುಬಣ್ಣದ ಕೋಟು. ಕಿಟಕಿಗಳೆಲ್ಲ ಮುಚ್ಚಿರುವ ಮನೆಯೊಳಗೆ ಕೋಟು ಯಾಕೆ ಎಂದು ಹೊಸಬರು ಕಣ್ಣರಳಿಸಿದರೆ ದೊಡ್ಡಮ್ಮನೇ ಸಮಾಧಾನ ಹೇಳುತ್ತಿದ್ದರು: "ಅವರಿಗೆ ಮೈದಾನದ ಗಾಳಿ ತಾಗತ್ತಂತೆ. ಏನು ಮಾಡೋದು, ನಮಗೆ ತಾಗಲ್ಲ."

ಆ ಮೈದಾನ ಬಸ್ ಡಿಪೋದ ಹಿಂದೆ ಇತ್ತು. ಕುರ್ಚಿಗಳಿಲ್ಲದ ಸಿಮೆಂಟಿನ ಮೆಟ್ಟಿಲುಗಳು, ಅಲ್ಲಲ್ಲಿ ಆತುಕೊಳ್ಳಲು ಕಬ್ಬಿಣದ ಸರಳುಗಳು, ಹೆಗಲಿಗೆ ಹೆಗಲು ತಾಗಿ ನಿಂತ ಜನ. ಗೋಲಾದ ಕ್ಷಣದಲ್ಲಿ ಯಾರು ಯಾರನ್ನು ತಬ್ಬಿಕೊಂಡಿದ್ದಾರೆಂಬ ಪರಿವೆಯೇ ಇಲ್ಲದಂಥ ಇಕ್ಕಟ್ಟು. ದೊಡ್ಡಪ್ಪನ ಕನ್ನಡಕದಂಗಡಿ ಅಲ್ಲಿಂದ ಎರಡು ಬೀದಿ ಆಚೆಗೆ. ಆಟವಿರುವ ದಿನ ಮಧ್ಯಾಹ್ನವೇ ಬಾಗಿಲೆಳೆದು ಹೊರಟುಬಿಡುತ್ತಿದ್ದರು. ಮುಂದೆ ಆ ಮೈದಾನವನ್ನು ಕೆಡವಿ ವಸತಿ ಕಟ್ಟಡಗಳನ್ನು ಕಟ್ಟಿದರು. ಊರಾಚೆ ಹೆದ್ದಾರಿಯ ಪಕ್ಕದಲ್ಲಿ ಹೊಸ ಕ್ರೀಡಾಂಗಣ ಎದ್ದಿತು. ದೊಡ್ಡಪ್ಪ ಅಲ್ಲಿಗೆ ಹೋದದ್ದು ಒಂದೇ ಸಲ. ಹಿಂದಿನ ಸಾಲಿನ ಸಜ್ಜನರೊಬ್ಬರು ಬಹಳ ವಿನಯದಿಂದಲೇ, "ಸ್ವಲ್ಪ ಕೂತ್ಕೊಳ್ಳಿ ಸರ್, ಕಾಣ್ತಾ ಇಲ್ಲ" ಎಂದರಂತೆ. ಇವರು ಕೂತರು. ವಿರಾಮದ ಹೊತ್ತಿಗೆ ಎದ್ದು ಮನೆಗೆ ಬಂದರು. ಆಟ ಹೇಗಿತ್ತು ಎಂದು ಕೇಳಿದ ಹೆಂಡತಿಗೆ, "ಚೆನ್ನಾಗೇ ಇತ್ತು. ದಂತವೈದ್ಯರ ಹತ್ರ ಸರದಿ ಕಾಯ್ತಾ ಕೂತ ಹಾಗಿತ್ತು" ಎಂದರು.

ಕನ್ನಡಕ ಮಾಡುವವರ ಒಂದು ಮಾತು ಅವರ ನಾಲಿಗೆಗೆ ಅಂಟಿಕೊಂಡಿತ್ತು. ಕಣ್ಣಿನ ಪರೀಕ್ಷೆಗೆ ಕುಳಿತವರ ಮೂಗಿನ ಮೇಲೆ ಒಂದೊಂದೇ ಗಾಜನ್ನು ಬದಲಿಸುತ್ತ ಕೇಳುವ "ಇದಾ... ಇದಾ?" ಎಂಬ ಪ್ರಶ್ನೆಯನ್ನು ಅವರು ಅಂಗಡಿಯ ಹೊರಗೂ ಬಿಡುತ್ತಿರಲಿಲ್ಲ. ಟೊಮೇಟೊ ಆರಿಸುವಾಗಲೂ ಅದೇ, ಅಂಗಿ ಕೊಳ್ಳುವಾಗಲೂ ಅದೇ. ನನಗೆ ಹೆಣ್ಣು ನೋಡಲು ಬಂದಾಗ ಎಲ್ಲಿ ಹಾಗಂದುಬಿಡುತ್ತಾರೋ ಎಂದು ದೊಡ್ಡಮ್ಮ ದಾರಿಯುದ್ದಕ್ಕೂ ಎಚ್ಚರಿಸಿ ಕರೆತಂದಿದ್ದರು.

ಅವರ ಇನ್ನೊಂದು ಹಟ ಟಿ.ವಿ.ಯ ದನಿಯನ್ನು ಕುರಿತದ್ದು. ಚೆಂಡು ಓಡುತ್ತಿರುವಷ್ಟು ಹೊತ್ತು ಜನರ ಗದ್ದಲ ಕೇಳಲೆಂದು ದನಿ ಇರುತ್ತಿತ್ತು. ವಿರಾಮವಾಗಿ, ಗಾಜಿನ ಮೇಜಿನ ಸುತ್ತ ಕುಳಿತ ವಿಶ್ಲೇಷಕರು ತೆರೆಯ ಮೇಲೆ ಮೂಡಿದೊಡನೆ, "ಪ್ರವಚನ ಶುರುವಾಯ್ತು" ಎಂದು ರಿಮೋಟಿನ ಗುಂಡಿ ಒತ್ತಿಬಿಡುತ್ತಿದ್ದರು. ಆಮೇಲೆ ಆ ಕೋಟುಧಾರಿಗಳು ಬಾಣದ ಗುರುತು, ವೃತ್ತ, ಶೇಕಡಾವಾರು ಅಂಕಿಗಳ ನಡುವೆ ಮೀನುಗಳಂತೆ ಬಾಯಿ ತೆರೆದು ಮುಚ್ಚುತ್ತಿದ್ದರು. "ಈಗ ತಾನೇ ಕಣ್ಣಾರೆ ನೋಡಿದ್ದೀನಿ. ಅದನ್ನೇ ನಂಗೆ ಪಾಠ ಹೇಳ್ತಾರಲ್ಲ" ಎಂಬುದು ಅವರ ದೂರು.

ಒಮ್ಮೆ ನಮ್ಮೂರ ತಂಡ ಕೊನೆಗಳಿಗೆಯಲ್ಲಿ ಗೋಲು ಹೊಡೆಯಿತು. ದೊಡ್ಡಪ್ಪನ ಕೈಗಳು ಸೋಫಾದ ಒರಗನ್ನು ಬಿಟ್ಟು ಮೇಲೆದ್ದವು. ಅಷ್ಟರಲ್ಲಿ ರೆಫ್ರಿ, ವೀಡಿಯೊ ನೋಡುವ ತೀರ್ಪುಗಾರರ ಮಾತು ಕೇಳಲು, ಕಿವಿಗೆ ಬೆರಳು ಹಚ್ಚಿ ನಿಂತ. ತೆರೆಯ ಮೇಲೆ ಆಟಗಾರನ ಭುಜಕ್ಕೂ ಹಿಮ್ಮಡಿಗೂ ಗೆರೆಗಳನ್ನೆಳೆದು ಆಫ್‌ಸೈಡ್ ಆಗಿತ್ತೋ ಇಲ್ಲವೋ ಎಂಬ ವಿಚಾರಣೆ ನಡೆಯಿತು. ಎದ್ದ ಕೈಗಳು ಗಾಳಿಯಲ್ಲಿ ನಡುದಾರಿಯಲ್ಲೇ ನಿಂತು, ಮೆಲ್ಲಗೆ ಇಳಿದವು. ಬಹಳ ಹೊತ್ತಿನ ಮೇಲೆ ಗೋಲು ಸರಿಯೆಂದು ತೀರ್ಪಾಯಿತು.

"ಕೊಟ್ರಲ್ಲ ದೊಡ್ಡಪ್ಪ" ಎಂದೆ.

"ಕೊಟ್ರು" ಎಂದರು. "ನಾನು ಆಗ್ಲೇ ಸುಮ್ಮನಾಗಿಬಿಟ್ಟಿದ್ದೆ."

ಹಳೆಯದನ್ನೆಲ್ಲ ಚಿನ್ನವೆಂದು ಸಾಧಿಸಲು ಹೊರಟಾಗ ಅವರನ್ನು ನೆಲಕ್ಕಿಳಿಸುವ ಕೆಲಸ ದೊಡ್ಡಮ್ಮನದು. ನಮ್ಮ ಕಾಲದಲ್ಲಿ ಫೌಲ್ ಗಿಟ್ಟಿಸಲು ಬೇಕೆಂದೇ ಬೀಳುವ ಈ ನಾಟಕವೆಲ್ಲ ಎಲ್ಲಿತ್ತು ಎಂದು ದೊಡ್ಡಪ್ಪ ಶುರುಮಾಡಿದರೆ, ಬಟಾಣಿ ಸುಲಿಯುತ್ತಲೇ, ತಲೆಯೆತ್ತದೆ, "ನಿಮ್ಮ ಎಡಗಾಲು ಬೀಳ್ತಿರಲಿಲ್ವೇನ್ರೀ? ಪಕ್ಕದಲ್ಲಿ ಯಾರಾದ್ರೂ ಸೀನಿದ್ರೂ ಬೀಳ್ತಿದ್ದ" ಎನ್ನುತ್ತಿದ್ದರು.

ಎಡಗಾಲು ಎಂದರೆ ನಮ್ಮೂರ ತಂಡದ ಹಳೆಯ ಆಟಗಾರ. ಎಡಗಾಲಿನಿಂದ ಅವನು ಕಳಿಸುತ್ತಿದ್ದ ಉದ್ದನೆಯ ಪಾಸುಗಳಿಂದ ಬಂದ ಹೆಸರು ಅದು. ದೊಡ್ಡಪ್ಪನ ಯೌವನದ ಭಾನುವಾರಗಳೆಲ್ಲ ಅವನ ಪಾದದ ಸುತ್ತ ಸುತ್ತಿಕೊಂಡಿದ್ದವು. ಅವನ ಆಟ ಮುಗಿಯುತ್ತ ಬಂದ ಕಾಲದಲ್ಲಿ ಒಂದು ಬೆಳಿಗ್ಗೆ ಅವನೇ ಕನ್ನಡಕದಂಗಡಿಯ ಬಾಗಿಲಲ್ಲಿ ಬಂದು ನಿಂತನಂತೆ. ಪರೀಕ್ಷಿಸಿದರೆ, ದೂರದ್ದೆಲ್ಲ ಮಂಜು. ಮೈದಾನದ ಆಚೆಬದಿಯಲ್ಲಿ ಓಡುವ ಜೊತೆಗಾರ ಅವನ ಪಾಲಿಗೆ ಬರಿಯ ಬಣ್ಣದ ಮಚ್ಚೆ. ಕಣ್ಣೊಳಗಿಡುವ ಲೆನ್ಸು ಅವನಿಗೆ ಒಗ್ಗಲಿಲ್ಲ. ತಂಡಕ್ಕೆ ತಿಳಿದರೆ ಮನೆಗೆ ಕಳಿಸುತ್ತಾರೆಂಬ ಭಯ. ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡು ಹೋದ. ಆ ವರ್ಷದ ಪಂದ್ಯಗಳ ಋತುವಿಡೀ ಅವನ ಪಾಸುಗಳು ದಿಕ್ಕು ತಪ್ಪಿದವು. ಮೆಟ್ಟಿಲ ಮೇಲಿನ ಜನ ನಿಟ್ಟುಸಿರಿಟ್ಟರೇ ಹೊರತು ಅವನನ್ನು ಹಳಿಯಲಿಲ್ಲ. ದೊಡ್ಡಪ್ಪ ಮಾತ್ರ ಅಕ್ಕಪಕ್ಕದವರಿಗೆ "ಗಾಳಿ ಜಾಸ್ತಿ ಇದೆ, ಗಾಳಿ" ಎಂದು ವಿವರಿಸುತ್ತಿದ್ದರಂತೆ. ನೋಡಿದರೆ ಮೈದಾನದ ಮೂಲೆಯ ಕಾರ್ನರ್ ಬಾವುಟ ಒದ್ದೆಬಟ್ಟೆಯ ಹಾಗೆ ಜೋತುಬಿದ್ದಿರುತ್ತಿತ್ತು. ಇದನ್ನೆಲ್ಲ ನನಗೆ ಹೇಳಿದವರು ದೊಡ್ಡಮ್ಮ. ಅವರಿಗೂ ಗಂಡ ಬಾಯಿಬಿಟ್ಟದ್ದು ಎಡಗಾಲು ನಿವೃತ್ತನಾದ ಮೇಲೆಯೇ.

ಮುಂದೆ ಎಡಗಾಲು ಆ ಗಾಜಿನ ಮೇಜಿನ ಮುಂದೆ ಬಂದು ಕುಳಿತ. ಮೊದಮೊದಲು ಅವನೊಬ್ಬನಿಗೆ ದೊಡ್ಡಪ್ಪನ ಮನೆಯಲ್ಲಿ ದನಿಯಿತ್ತು. ಮಾತು ದಿನದಿನಕ್ಕೆ ಹರಿತವಾಗುತ್ತ ಹೋಯಿತು. ಒಂದು ಭಾನುವಾರ, ತಂಡಕ್ಕೆ ಹೊಸದಾಗಿ ಸೇರಿದ್ದ ತರುಣ ಆಟಗಾರನೊಬ್ಬ ಮತ್ತೆ ಮತ್ತೆ ಪಾಸು ತಪ್ಪಿದಾಗ ಎಡಗಾಲು ನಕ್ಕು, "ಇವನಿಗೆ ಆಟದ ಮೇಲೆ ಮನಸ್ಸೇ ಇಲ್ಲ. ಶುದ್ಧ ಸೋಮಾರಿ" ಎಂದ. ದೊಡ್ಡಪ್ಪ ರಿಮೋಟು ಕೈಗೆತ್ತಿಕೊಂಡರು. ಅಂದಿನಿಂದ ಎಡಗಾಲೂ ಮೀನುಗಳ ಸಾಲಿಗೆ ಸೇರಿದ. "ಇವನಾ ಹೀಗನ್ನೋದು?" ಎಂದು ಎರಡು ದಿನ ಊಟದ ತಟ್ಟೆಯ ಮುಂದೆ ತಮ್ಮಷ್ಟಕ್ಕೆ ಹೇಳಿಕೊಂಡರಂತೆ.

ಆಮೇಲೊಂದು ಸಲ, ಯಾವುದೋ ಪಂದ್ಯದ ಪ್ರಸಾರಕ್ಕೆ ಊರಿಗೆ ಬಂದಿದ್ದ ಎಡಗಾಲು ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಳಗೆ ಬಂದ. ನನ್ನ ಕನ್ನಡಕದ ಸಡಿಲ ಕಡ್ಡಿಯನ್ನು ಬಿಗಿ ಮಾಡಿಸಿಕೊಳ್ಳಲು ನಾನು ಅಲ್ಲೇ ಕುಳಿತಿದ್ದೆ. ಹೊಸ ಕನ್ನಡಕ ಬೇಕೆಂದ. ದೊಡ್ಡಪ್ಪ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ಫ್ರೇಮನ್ನು ಮೂಗಿಗೇರಿಸಿ, ಗಾಜು ಬದಲಿಸತೊಡಗಿದರು.

"ನನ್ನ ಕಾರ್ಯಕ್ರಮ ನೋಡ್ತೀರಾ ಯಜಮಾನ್ರೇ?"

"ನೋಡ್ತೀನಿ. ಕೇಳಲ್ಲ. ಇದಾ... ಇದಾ?"

"ಮೊದಲಿಂದೇ. ಕೇಳಲ್ಲ ಅಂದ್ರೆ?"

"ದನಿ ತೆಗೆದುಬಿಡ್ತೀನಿ." ದೊಡ್ಡಪ್ಪ ಇನ್ನೊಂದು ಗಾಜನ್ನು ಬಟ್ಟೆಯಲ್ಲಿ ಒರೆಸಿದರು. "ಆ ಹೊಸಬನ್ನ ಸೋಮಾರಿ ಅಂದ್ರಿ. ಅವನ ಕಾಲು ನೋಯ್ತಿತ್ತೋ, ಮನೇಲಿ ಏನಾದ್ರೂ ಆಗಿತ್ತೋ, ನಿಮಗೇನು ಗೊತ್ತು? ನಿಮ್ಮನ್ನ ಆ ಮಾತು ಅಂದವರು ನಮ್ಮ ಮೆಟ್ಟಿಲ ಮೇಲೆ ಒಬ್ಬರೂ ಇರಲಿಲ್ಲ. ಅನ್ನೋಕೆ ಬೇಕಾದಷ್ಟಿತ್ತು."

ಆ ವಿಚಿತ್ರ ಫ್ರೇಮಿನ ಹಿಂದೆ ಎಡಗಾಲಿನ ಪ್ರಸಿದ್ಧ ಮುಖ ಇದ್ದಕ್ಕಿದ್ದಂತೆ ಬಹಳ ಸಾಮಾನ್ಯವಾಗಿ ಕಂಡಿತು. "ಅಲ್ಲಿ ಕೂತಾಗ ಕಿವೀಲಿ ಒಬ್ಬ ಹೇಳ್ತಾನೇ ಇರ್ತಾನೆ," ಎಂದ. "ಬೇಗ ಹೇಳಿ, ಖಾರವಾಗಿ ಹೇಳಿ ಅಂತ. ಗೊತ್ತಿಲ್ಲ ಅನ್ನೋಕೆ ಅವರು ನನ್ನನ್ನ ಕರೆಸಲ್ಲ."

"ಅದು ನಿಮ್ಮ ಕಷ್ಟ. ಗದ್ದ ಸ್ವಲ್ಪ ಮೇಲೆ."

ಹೊರಡುವ ಮೊದಲು ಅವನು ಬಾಗಿಲಲ್ಲಿ ತಿರುಗಿ, "ನೀವು ಎಲ್ಲಿ ನಿಲ್ತಿದ್ರಿ?" ಎಂದು ಕೇಳಿದ.

"ಕಾರ್ನರ್ ಬಾವುಟದ ಹಿಂದೆ. ಎಷ್ಟೋ ಸಲ ಕರೆದಿದ್ದೀನಿ."

"ಏನಂತ?"

"ಲೇ ಎಡಗಾಲೇ, ಅಂತ."

ಅವನ ಮುಖ ಅರಳಿತು. "ಈಗ ಯಾರೂ ಹಾಗೆ ಕರೆಯಲ್ಲ ಯಜಮಾನ್ರೇ. ಎಲ್ಲರೂ ಸರ್ ಅಂತಾರೆ" ಎಂದು ತುಸು ಹೊತ್ತು ಕಾದು ನಿಂತ. ದೊಡ್ಡಪ್ಪನ ತುಟಿ ಅಲುಗಿತು. ಕರೆಯುವ ಮನಸ್ಸು ಅವರಿಗೂ ಇದ್ದಿರಬೇಕು. ಕೊನೆಗೆ ಹೊರಟ ಮಾತು ಮಾತ್ರ, "ನಾಡಿದ್ದು ಕನ್ನಡಕ ರೆಡಿ ಇರತ್ತೆ, ಸರ್."

ಮುಂದಿನ ಭಾನುವಾರ ಎಡಗಾಲು ಹೊಸ ಕನ್ನಡಕದಲ್ಲಿ ಕಾಣಿಸಿಕೊಂಡ. "ಫ್ರೇಮು ಸರಿಯಾಗಿ ಕೂತಿದೆ" ಎಂದು ದೊಡ್ಡಪ್ಪ ಮೆಚ್ಚಿದರು. ದನಿ ಕೊಡಲಿಲ್ಲ.

ಹಲವು ವಾರಗಳು ಹೀಗೇ ಕಳೆದವು. ಒಂದು ಸಂಜೆ ಅದೇ ತರುಣ ಆಟಗಾರ ಕೊನೆಯ ಪೆನಾಲ್ಟಿಯನ್ನು ಕಂಬದ ಆಚೆಗೆ ಒದ್ದು, ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಹೊರನಡೆದ. ನಾನು ಅಂದು ನಮ್ಮ ಮನೆಯಲ್ಲೇ ನೋಡುತ್ತಿದ್ದೆ. ನಿರೂಪಕ ಉತ್ಸಾಹದಿಂದ, ಇಂಥವನನ್ನು ಯಾಕೆ ಇನ್ನೂ ಇಟ್ಟುಕೊಂಡಿದ್ದಾರೆ ಎಂದು ಕೇಳಿದ. ಎಡಗಾಲು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಅವನ ಮನಸ್ಸಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ" ಎಂದ. "ನನಗೂ ಒಂದು ವರ್ಷ ಚೆಂಡು ಸರಿಯಾಗಿ ಕಾಣ್ತಿರಲಿಲ್ಲ. ಜನ ಸುಮ್ಮನಿದ್ರು. ಅದರಿಂದ ಬದುಕಿದೆ." ನಿರೂಪಕ ತಡವರಿಸಿದ. ಜಾಹೀರಾತು ಬಂತು.

ನಾನು ಚಪ್ಪಲಿ ಮೆಟ್ಟಿಕೊಂಡು ದೊಡ್ಡಪ್ಪನ ಮನೆಗೆ ಓಡಿದೆ. ಅವರು ಆಗಲೇ ಟಿ.ವಿ. ಆರಿಸಿದ್ದರು. ಹೇಳಿದೆ. ಇನ್ನೊಂದು ಸಲ ಹೇಳಿಸಿದರು.

"ಗೊತ್ತಿಲ್ಲ ಅಂದನಾ? ಅದೇ ಮಾತಾ?"

"ಅದೇ ಮಾತು."

"ಹೇಗಂದ? ಬೇಸರದಲ್ಲೋ, ಸಮಾಧಾನದಲ್ಲೋ?"

ನಾನು ಹೇಳಿ ತಿಳಿಸುವಂಥದ್ದಲ್ಲ ಅದು, ಆ ದನಿಯನ್ನು ಅವರೇ ಕೇಳಬೇಕಿತ್ತು. ಮರುದಿನ ಕಾರ್ಯಕ್ರಮವನ್ನು ಮತ್ತೆ ಹಾಕುತ್ತಾರೆಂದು ಅಂಗಡಿಯನ್ನೂ ತೆರೆಯದೆ ಕಾದರು. ಹಾಕಿದರು, ಆ ಭಾಗವನ್ನು ಕತ್ತರಿಸಿದ್ದರು. ಪೆನಾಲ್ಟಿಯ ನಂತರ ನೇರ ಅಂಕಪಟ್ಟಿ. "ಅದೊಂದು ದಿನ ದನಿ ಇಟ್ಟಿದ್ರೆ ಏನಾಗ್ತಿತ್ತು ರೀ" ಎಂದು ದೊಡ್ಡಮ್ಮ ಮೆಲುದನಿಯಲ್ಲಿ ಅಂದರು. ಆ ಮಾತಿನಲ್ಲಿ ಅಂದು ತಮಾಷೆಯಿರಲಿಲ್ಲ.

ಮರುವರ್ಷ ಆ ಮೇಜಿನ ಮುಂದೆ ಎಡಗಾಲಿನ ಕುರ್ಚಿಯಲ್ಲಿ ಇನ್ನಾರೋ ಇದ್ದರು. ಎಡಗಾಲು ಎಲ್ಲಿ ಹೋದನೋ ತಿಳಿಯಲಿಲ್ಲ, ಅಂಗಡಿಗೂ ಬರಲಿಲ್ಲ. ಆದರೆ ಆ ಪೆನಾಲ್ಟಿಯ ದಿನದ ನಂತರ ದೊಡ್ಡಪ್ಪ ಪ್ರವಚನದ ದನಿಯನ್ನು ಒಮ್ಮೆಯೂ ತೆಗೆಯಲಿಲ್ಲ. ಬಾಣಗಳ, ಶೇಕಡಾವಾರುಗಳ ಆ ಹೊಳೆಯನ್ನು ತುಟಿ ಬಿಗಿಹಿಡಿದು ಕೊನೆಯವರೆಗೂ ಕೇಳುತ್ತಿದ್ದರು. ಯಾಕೆ ಈ ಶಿಕ್ಷೆ ಎಂದು ನಾನು ಕೇಳಿದಾಗ, "ಇನ್ಯಾರಾದ್ರೂ ಗೊತ್ತಿಲ್ಲ ಅಂದ್ರೆ? ತಪ್ಪಿಹೋಗಬಾರದಲ್ಲ" ಎಂದರು. ಅವರು ತೀರಿಕೊಂಡದ್ದು ಪಂದ್ಯಗಳ ಋತುವಿನ ನಡುವೆ; ಅಲ್ಲಿಯ ತನಕ ಯಾರೂ ಅನ್ನಲಿಲ್ಲ.

ಆಟ ಕೆಟ್ಟಿತು ಎಂದು ಗೊಣಗುವ ಹಿರಿಯರು ಎಲ್ಲ ಊರುಗಳಲ್ಲೂ ಇದ್ದಾರೆ. ವಯಸ್ಸಾಯಿತು, ಅದಕ್ಕೇ ಹಾಗಂತಾರೆ ಎಂದು ನಾವು ಕೈತೊಳೆದುಕೊಳ್ಳುತ್ತೇವೆ. ಹಳೆಯ ಆಟದಲ್ಲೂ ಕಪಟವಿತ್ತು, ಕುಂದಿತ್ತು. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಎಡವಿದವನನ್ನು ಕಂಡು ಒಂದು ಗಳಿಗೆ ಬಾಯಿಮುಚ್ಚಿ ನಿಲ್ಲಬಲ್ಲ ಜನರ ನಡುವೆ ಒಮ್ಮೆ ಬದುಕಿದ ಭಾಗ್ಯ ಅವರದು. ಅಂಥ ಜನ ಈಗಲೂ ಎಲ್ಲೋ ಇದ್ದಾರೆಂಬ ನಂಬಿಕೆಯನ್ನು ಕಳೆದುಕೊಳ್ಳಲಾರದೆ ಅವರು ಬೇಡದ ಮಾತುಗಳನ್ನೆಲ್ಲ ಸಹಿಸಿಕೊಂಡು, ಮುಂದಿನ ಭಾನುವಾರಕ್ಕೆ ಕಾಯುತ್ತಾರೆ.