ಭಾನುವಾರದ ಊಟ

ಶನಿವಾರ ಸಂಜೆ ಎರಡೂ ತಟ್ಟೆಗಳ ಮುಚ್ಚಳ ತೆಗೆದು, ಅದರದನ್ನು ಇದಕ್ಕೂ ಇದರದನ್ನು ಅದಕ್ಕೂ ಹಾಕಿ, ಪುಟ್ಟಿ ಅವನ್ನು ಮತ್ತೆ ಬೆಚ್ಚನೆಯ ಪೆಟ್ಟಿಗೆಯೊಳಗಿಟ್ಟು ಬಾಗಿಲು ಮುಚ್ಚಿದಳು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳು. ಅವುಗಳ ಕುಳಿಗಳಲ್ಲಿ ಕೆಂಪು ದ್ರವ, ತಳದಲ್ಲಿ ಕ್ಯಾನ್ಸರ್ ಕೋಶಗಳು, ದ್ರವದಲ್ಲಿ ನಿನ್ನೆ ಬೆರೆಸಿದ ಔಷಧಿ. ಹೆಸರನ್ನು ತಟ್ಟೆಯ ಬುಡಕ್ಕೇ ಬರೆಯಿರಿ ಎಂದು ಪ್ರಯೋಗಾಲಯದ ಮೇಡಂ ಬಡಕೊಂಡಿದ್ದರೂ, ಬೇಸಿಗೆ ತರಬೇತಿಗೆ ಬಂದಿದ್ದ ಇಬ್ಬರು ಡಿಗ್ರಿ ಮಕ್ಕಳು, ಪುಟ್ಟಿಯೂ ಸೋಡಾಬುಡ್ಡಿಯೂ, ಮುಚ್ಚಳದ ಮೇಲೆಯೇ ಬರೆಯುತ್ತಿದ್ದರು. ಈಗ ಪುಟ್ಟಿಯ ಹೆಸರಿನ ಕೆಳಗೆ ಸೋಡಾಬುಡ್ಡಿಯ ಕೋಶಗಳಿದ್ದವು. ಇನ್ನು ಕಳ್ಳ ಸಿಕ್ಕಿಬೀಳುವುದೊಂದೇ ಬಾಕಿ.

ಸೋಡಾಬುಡ್ಡಿ ಬೇರೆ ಕಾಲೇಜಿನವನು. ದಪ್ಪ ಕನ್ನಡಕ, ಎಲ್ಲದಕ್ಕೂ ನಗು. ಆ ನಗುವೇ ಪುಟ್ಟಿಗೆ ಮೊದಲ ದಿನದಿಂದ ಹಿಡಿಸಿರಲಿಲ್ಲ. ಹೋದ ಎರಡು ಸಲವೂ ಅವನ ಔಷಧಿಗೆ ಕೋಶಗಳು ಸತ್ತು ತೇಲಿದವು; ಅವಳ ಗಿಡದ ಸಾರ ಕುಡಿದವು ಮಾತ್ರ ಹಬ್ಬಿ ಕುಳಿ ತುಂಬಿದವು. ಅಷ್ಟರಲ್ಲಿ ಕಸ ಗುಡಿಸುವಾಕೆ, "ಆ ಹುಡುಗ ಭಾನುವಾರಾನೂ ಬರ್ತಾನಲ್ಲ, ಪಾಪ" ಎಂದಳು. ಪಾಪವಂತೆ!

"ಅವನದು ಮಾತ್ರ ಸಾಯೋದು, ನಿಂದು ಸಾಯದೇ ಇರೋದು ಅಂದ್ರೆ ಏನೇ ಅರ್ಥ?" ಎಂದಿದ್ದಳು ಚಿಕ್ಕಮ್ಮ. ಹೊಲಿಗೆ ಅಂಗಡಿಯ ಕತ್ತರಿಗೂ ಬೀಗ ಹಾಕಿಡುವ ಹೆಂಗಸು ಅವಳು. "ಹಾಲಿಗೆ ಬೆಕ್ಕನ್ನ ಕಾವಲಿಟ್ಟ ಹಾಗಾಯ್ತು. ನಗ್ತಾ ನಗ್ತಾನೇ ಕತ್ತು ಕೊಯ್ಯೋರು ಇರ್ತಾರೆ ಪುಟ್ಟಿ."

ಮೊದಲಿನವೆಲ್ಲ ಕೈ ಪಳಗಿಸುವುದಕ್ಕೆ, ಈ ಸಲದ್ದೇ ಲೆಕ್ಕ ಎಂದು ಮೇಡಂ ಹೇಳಿಬಿಟ್ಟಿದ್ದರು. ಚೆನ್ನಾಗಿ ಬಂದವರಿಗೆ ಡಿಗ್ರಿ ಮುಗಿದ ಮೇಲೆ ಇಲ್ಲೇ ಜಾಗ. ಇರುವುದೊಂದೇ ಜಾಗ. ಪುಟ್ಟಿಗೆ ಅದು ಬೇಕಿತ್ತು. ಬೇಕಿತ್ತು ಎಂದರೆ ಕಡಿಮೆಯೇ ಆಯಿತು. ಓದಿನಲ್ಲಿ ಯಾವತ್ತೂ ನಡುಬೆಂಚಿನವಳಾಗಿದ್ದವಳಿಗೆ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಾಗ ಮಾತ್ರ ತಾನೂ ಯಾವುದಕ್ಕೋ ಲಾಯಕ್ಕು ಅನ್ನಿಸಿತ್ತು.

ಸೋಮವಾರ ಎಲ್ಲರಿಗಿಂತ ಮೊದಲೇ ಬಂದು ನೋಡಿದಳು. ಅವಳ ಹೆಸರಿನ ತಟ್ಟೆಯಲ್ಲಿ ಕೋಶಗಳು ಒತ್ತೊತ್ತಾಗಿ ಹಬ್ಬಿದ್ದವು; ದ್ರವ ಹೊಚ್ಚಹೊಸ ಕೆಂಪು. ಯಾರೋ ಹಳೆಯದನ್ನು ಹೀರಿ ತೆಗೆದು ಬೇರೆ ತುಂಬಿದ್ದರು, ಔಷಧಿಯೂ ಅದರ ಜೊತೆಗೇ ಹೋಗಿತ್ತು. ಅವನ ಹೆಸರಿನ ತಟ್ಟೆಯಲ್ಲಿ, ಅಂದರೆ ಅವಳದರಲ್ಲಿ, ಎಲ್ಲವೂ ಸತ್ತು ತೇಲುತ್ತಿದ್ದವು. ತನ್ನ ಔಷಧಿ ಕೆಲಸ ಮಾಡುತ್ತದೆ! ಅವಳಿಗೆ ಕುಣಿಯುವಂತಾಯಿತು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಎಂದುಕೊಂಡು ಮುಚ್ಚಳಗಳನ್ನು ಅವವುಗಳ ತಟ್ಟೆಗೇ ಹಾಕಿದಳು.

ಮೇಡಂ ಎರಡನ್ನೂ ನೋಡಿದರು. "ಭೇಷ್," ಎಂದರು ಪುಟ್ಟಿಗೆ. "ಬರೋ ವರ್ಷ ನೀನಿಲ್ಲಿಗೇ ಬಾ." ಅವನ ಕಡೆ ತಿರುಗಿ, "ನಿಂದೇನಪ್ಪ ಹೀಗೆ? ಔಷಧಿ ಹಾಕಿದ್ಯೋ, ನೀರು ಹಾಕಿದ್ಯೋ?" ಎಂದರು. ಅವನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ. "ಹಾಕಿದ್ದೆ ಮೇಡಂ," ಎಂದ. ಅಷ್ಟೇ. ಮೇಡಂ ತಮ್ಮ ಕೋಣೆಗೆ ಹೊರಟುಹೋದರು.

ಪುಟ್ಟಿ ಬಾಯಿ ತುಂಬ ಇಟ್ಟುಕೊಂಡಿದ್ದ ಮಾತನ್ನು ಇನ್ನೇನು ಅವನ ಮುಖಕ್ಕೆ ಎಸೆಯಬೇಕು, ಅಷ್ಟರಲ್ಲಿ ಅವನೇ ನಕ್ಕ.

"ನಿಂದಾದ್ರೂ ಬಂತಲ್ಲ ಮಾರಾಯ್ತಿ. ಪ್ರತಿ ಭಾನುವಾರ ಅವಕ್ಕೆ ಊಟ ಹಾಕಿದ್ದಕ್ಕೂ ಸಾರ್ಥಕ ಆಯ್ತು."

"ಯಾವುದಕ್ಕೆ?"

"ನಿನ್ನ ಕೋಶಗಳಿಗೆ. ಮೊದಲನೇ ಸಲ ನೋಡ್ದಾಗ ದ್ರವ ಹಳದಿ ತಿರುಗಿತ್ತು. ಹಸ್ಕೊಂಡಿದಾವೆ, ನೀನು ಮರ್ತಿದೀಯ ಅಂದ್ಕೊಂಡೆ. ನಂದ್ರಲ್ಲಿ ದ್ರವ ಬದಲಾಯಿಸಬೇಡ, ಔಷಧಿ ಹೋಗತ್ತೆ ಅಂತ ಮೇಡಂ ಹೇಳಿದ್ರು. ನಿಂದು ಗಿಡದ ಸಾರ ಅಲ್ವಾ, ಒಂದೇ ದಿನಕ್ಕೆ ಹೀರ್ಕೊಂಡಿರ್ತಾವೆ, ದ್ರವ ಬದಲಾಯಿಸಿದ್ರೆ ಏನಾಗಲ್ಲ ಅಂತ... ಹೇಳಿದ್ರೆ ನಿಂಗೆ ನಾಚಿಕೆ ಆಗತ್ತೇನೋ ಅಂತ ಸುಮ್ಮನಿದ್ದೆ."

ಮೂರ್ಖ, ಎಂಥ ಮೂರ್ಖ ಎಂದು ಪುಟ್ಟಿ ಮನಸ್ಸಿನಲ್ಲೇ ಬೈದಳು; ಬೈದದ್ದು ಯಾರಿಗೆಂದು ಅವಳಿಗೇ ತಿಳಿಯಲಿಲ್ಲ. ಮೇಡಂ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅವರು ಯಾರಿಗೋ ಫೋನಿನಲ್ಲಿ, "ಹೂಂ, ಹುಡುಗಿ ಸಿಕ್ಕಿದಾಳೆ, ಚುರುಕಾಗಿದಾಳೆ" ಎನ್ನುತ್ತಿದ್ದರು.

ಸೋಡಾಬುಡ್ಡಿ ತನ್ನ ತಟ್ಟೆಯನ್ನು ತೊಟ್ಟಿಯ ಹತ್ತಿರ ತಂದು ಮುಚ್ಚಳ ತೆಗೆದ. ಕೆಲಸ ಮುಗಿದ ಕೋಶಗಳನ್ನು ಬ್ಲೀಚ್ ಸುರಿದು ಕೊಂದೇ ಬಿಸಾಡಬೇಕು. ಕ್ಯಾನು ಭಾರವಾಗಿತ್ತು, ಅವನಿಗೆ ಎರಡೂ ಕೈ ಬೇಕಾಯಿತು.

"ಸ್ವಲ್ಪ ಹಿಡ್ಕೋತೀಯಾ? ಅಲ್ಲಾಡತ್ತೆ."

ಪುಟ್ಟಿ ಬಾಯಿ ತೆರೆದಳು.

"ಏನು?" ಎಂದ ಅವನು.

"ಏನಿಲ್ಲ."

ಎರಡೂ ಕೈಗಳಿಂದ ತಟ್ಟೆಯನ್ನು ಹಿಡಿದುಕೊಂಡಳು. ಅವನು ಮೆಲ್ಲಗೆ, ಅವಳ ಬೆರಳಿಗೆ ತಾಗದ ಹಾಗೆ ಸುರಿದ. ಕುಳಿಯಿಂದ ಕುಳಿಗೆ ಕೆಂಪು ಬಿಳಿಚಿಕೊಳ್ಳುತ್ತ ಹೋಯಿತು. ಕೊನೆಯ ಕುಳಿಯೂ ನೀರಿನಂತಾಗುವವರೆಗೆ ಅವಳು ಅದನ್ನು ಅಲುಗಾಡದಂತೆ ಹಿಡಿದಿದ್ದಳು.